ಆಜ್ಞೆಗೆ ಮೊದಲು ತಲೆಬಾಗಬೇಕಾದವರು ಯಾರು?

ಪ್ರಶ್ನೆ: ನಾನು ಬೀದರಿನವನು. ಸಿಖ್ಖನಲ್ಲದಿದ್ದರೂ ಚಿಕ್ಕಂದಿನಿಂದ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ ಬರುತ್ತಿದ್ದೇನೆ. 2024ರ ಡಿಸೆಂಬರ್‌ನಲ್ಲಿ ಪಂಜಾಬಿನ ಮಾಜಿ ಉಪಮುಖ್ಯಮಂತ್ರಿಯೊಬ್ಬರು ಕೊರಳಿಗೆ ಫಲಕ ತೂಗುಹಾಕಿಕೊಂಡು, ಗಾಲಿಕುರ್ಚಿಯಲ್ಲಿ ಕುಳಿತು, ಕೈಯಲ್ಲಿ ಈಟಿ ಹಿಡಿದು ಅಮೃತಸರದ ಸ್ವರ್ಣಮಂದಿರದ ಬಾಗಿಲು ಕಾಯುವುದನ್ನು ಟಿವಿಯಲ್ಲಿ ನೋಡಿದೆ. ಆಮೇಲೆ ಅವರು ಪಾತ್ರೆಯನ್ನೂ ತೊಳೆದರು. ಇದು ಭಕ್ತಿಯೇ, ಭಯವೇ? ಧರ್ಮಪೀಠದ ಮಾತನ್ನು ಇಡೀ ಸಮುದಾಯ ಹೀಗೆ ಕೇಳುವುದು ಹೇಗೆ? ಒಪ್ಪದವರು ಏನು ಮಾಡುತ್ತಾರೆ? ಇದನ್ನು ಕೇಳಲು ಒಂದು ಕಾರಣವಿದೆ. ನಮ್ಮ ಊರಿನ ದೇವಸ್ಥಾನದ ಸಮಿತಿಯಲ್ಲಿ ಮಳಿಗೆಗಳ ಬಾಡಿಗೆ ವಿಚಾರಕ್ಕೆ ಎರಡು ಬಣಗಳಾಗಿವೆ. ‘ಹಿರಿಯರು ಹೇಳಿದ ಮೇಲೆ ಮುಗಿಯಿತು, ಎದುರಾಡುವುದು ದೈವದ್ರೋಹ’ ಎಂದು ಒಂದು ಬಣ ಹೇಳುತ್ತಿದೆ.

ಉತ್ತರ: ನೀವು ನೋಡಿದ ದೃಶ್ಯದಲ್ಲಿ ಭಯ ಸ್ವಲ್ಪ ಇತ್ತು, ಭಕ್ತಿ ಬಹಳ ಇತ್ತು. ಎರಡಕ್ಕೂ ಹಿಂದೆ ಮೂರು ಶತಮಾನಗಳ ಒಂದು ನೆನಪು ಇತ್ತು. ಆಜ್ಞೆ ಕೊಡುವ ಅಧಿಕಾರವಿದ್ದ ಗುರುವೇ ತನ್ನ ಶಿಷ್ಯರ ಆಜ್ಞೆಯನ್ನು ಪಾಲಿಸಿದ ನೆನಪು ಅದು. ಅದನ್ನು ಬಿಟ್ಟು ನೋಡಿದರೆ ಸ್ವರ್ಣಮಂದಿರದ ಆವರಣದಲ್ಲಿರುವ ಸಿಖ್ಖರ ಅತ್ಯುನ್ನತ ಧರ್ಮಪೀಠವಾದ ಅಕಾಲ್ ತಖ್ತಿನ ಶಿಕ್ಷೆ ಬರೀ ಅವಮಾನದ ಪ್ರದರ್ಶನದಂತೆ ಕಾಣುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಆ ಕಥೆಯಲ್ಲಿ ನಿಮ್ಮ ಬೀದರ್ ಕೂಡ ಇದೆ.

1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಸಭೆಯ ಮುಂದೆ ಖಡ್ಗ ಹಿರಿದು ನಿಂತು ಒಂದು ತಲೆ ಬೇಕೆಂದು ಕೇಳಿದರು. ಒಬ್ಬರಾದ ಮೇಲೆ ಒಬ್ಬರಂತೆ ಐವರು ಎದ್ದು ಬಂದರು: ಲಾಹೋರಿನ ದಯಾ, ಹಸ್ತಿನಾಪುರದ ಧರಮ್, ಪುರಿ ಜಗನ್ನಾಥದ ಹಿಮ್ಮತ್, ದ್ವಾರಕೆಯ ಮೋಹಕಮ್, ಬೀದರಿನ ಸಾಹಿಬ್. ಇವರಲ್ಲಿ ಸಾಹಿಬ್ ಕ್ಷೌರಿಕ ವೃತ್ತಿಯ ಮನೆತನದವರು. ಹಿಮ್ಮತ್ ನೀರು ಹೊರುವ ಸಮುದಾಯದವರು. ಗುರು ಈ ಐವರಿಗೂ ಒಂದೇ ಬಟ್ಟಲಿನಿಂದ ದೀಕ್ಷೆಯ ಅಮೃತ ಕೊಟ್ಟು ಎಲ್ಲರನ್ನೂ ‘ಸಿಂಗ್’ ಮಾಡಿದರು. ಇಷ್ಟನ್ನು ಬಹಳ ಮಂದಿ ಬಲ್ಲರು. ಇದರ ಮುಂದಿನ ಗಳಿಗೆಯಲ್ಲಿ ನಡೆದದ್ದು ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ. ಗುರು ಆ ಐವರ ಎದುರು ಕೈ ಮುಗಿದು ನಿಂತು, ‘ನನಗೂ ಅಮೃತ ಕೊಡಿ’ ಎಂದು ಬೇಡಿದರು. ಬೀದರಿನ ಕ್ಷೌರಿಕರ ಮಗನೂ ಸೇರಿದಂತೆ ಐವರು ಗುರುವಿಗೆ ದೀಕ್ಷೆ ಕೊಟ್ಟರು. ಗೋಬಿಂದ ರಾಯ್ ಗೋಬಿಂದ್ ಸಿಂಗ್ ಆದದ್ದು ಹಾಗೆ. ತಾನೇ ಗುರು, ತಾನೇ ಶಿಷ್ಯ ಎಂದು ಸಿಖ್ಖರು ಇಂದಿಗೂ ಅವರನ್ನು ಕೊಂಡಾಡುತ್ತಾರೆ.

ಇದು ಒಂದು ದಿನದ ವಿಧಿಯಾಗಿ ಉಳಿದಿದ್ದರೆ ಬರೀ ಸಂಕೇತವಾಗುತ್ತಿತ್ತು. 1704ರಲ್ಲಿ ಚಮಕೌರಿನ ಮಣ್ಣಿನ ಗಢಿಯೊಳಗೆ ಅದಕ್ಕೆ ನಿಜವಾದ ಪರೀಕ್ಷೆ ಬಂತು. ಹೊರಗೆ ಮೊಘಲರ ದೊಡ್ಡ ಸೈನ್ಯ, ಒಳಗೆ ಬೆರಳೆಣಿಕೆಯ ಸಿಖ್ಖರು. ಗುರುವಿನ ಹಿರಿಯ ಮಕ್ಕಳಾದ ಅಜಿತ್ ಸಿಂಗ್, ಜುಝಾರ್ ಸಿಂಗ್ ಇಬ್ಬರೂ ಅಲ್ಲಿಯೇ ಮಡಿದರು. ಬೀದರಿನ ಸಾಹಿಬ್ ಸಿಂಗರೂ ಅಲ್ಲಿಯೇ ಮಡಿದರು. ಮರುದಿನ ಬೆಳಿಗ್ಗೆ ತಾನೂ ಹೊರಗೆ ಹೋಗಿ ಹೋರಾಡಿ ಸಾಯುವುದಾಗಿ ಗುರು ನಿಶ್ಚಯಿಸಿದರು. ಆಗ ಉಳಿದವರಲ್ಲಿ ಐವರು ಒಟ್ಟಾಗಿ ಮುಂದೆ ಬಂದು, ‘ಪಂಥದ, ಅಂದರೆ ಸಿಖ್ ಸಮುದಾಯದ, ಪರವಾಗಿ ಆಜ್ಞೆ ಮಾಡುತ್ತಿದ್ದೇವೆ, ನೀವು ಬದುಕಿ ಹೊರಗೆ ಹೋಗಬೇಕು’ ಎಂದರೆಂದು ಸಿಖ್ ಪರಂಪರೆ ಹೇಳುತ್ತದೆ. ಮಕ್ಕಳ ಹೆಣಗಳು ಬಯಲಲ್ಲಿ ಬಿದ್ದಿರುವಾಗ ಬದುಕಿ ಹೋಗು ಎನ್ನುವುದು ಸಾಯು ಎನ್ನುವುದಕ್ಕಿಂತ ಕಠಿಣವಾದ ಆಜ್ಞೆ. ಗುರು ಅದನ್ನು ಮೀರಲಿಲ್ಲ. ರಾತ್ರಿ ಗಢಿಯಿಂದ ಹೊರಟರು. ಐವರು ಸೇರಿದರೆ ಗುರುವಿಗೂ ಆಜ್ಞೆ ಮಾಡಬಹುದು ಎಂಬ ಮಾತು ಅಂದಿನಿಂದ ಅನುಭವವಾಗಿ ಉಳಿಯಿತು.

ಇನ್ನೊಂದು ಪ್ರಸಂಗವನ್ನೂ ಸಿಖ್ಖರು ಪ್ರೀತಿಯಿಂದ ಹೇಳುತ್ತಾರೆ. ಗುರು ದಕ್ಷಿಣಕ್ಕೆ ಬರುವ ದಾರಿಯಲ್ಲಿ ರಾಜಸ್ಥಾನದ ನರಾಯಣದಲ್ಲಿರುವ ಸಂತ ದಾದು ದಯಾಳರ ಸಮಾಧಿಗೆ ಬಾಣ ಬಾಗಿಸಿ ವಂದಿಸಿದರು. ಸಮಾಧಿಗೆ ವಂದಿಸಬಾರದೆಂದು ನೀವೇ ಹೇಳಿಕೊಟ್ಟಿದ್ದೀರಲ್ಲ ಎಂದು ಜೊತೆಯಲ್ಲಿದ್ದವರು ಅಲ್ಲಿಯೇ ತಡೆದರು. ದಂಡವನ್ನೂ ವಿಧಿಸಿದರು. ಗುರು ಸಂತೋಷದಿಂದ ತೆತ್ತರು. ತನ್ನ ಶಿಷ್ಯರು ಎಚ್ಚರವಾಗಿದ್ದಾರೆಯೇ ಎಂದು ನೋಡಲೆಂದೇ ಹಾಗೆ ಮಾಡಿದರು ಎಂಬ ಐತಿಹ್ಯವಿದೆ. ಇದರಲ್ಲಿ ನನ್ನ ಗಮನ ಸೆಳೆಯುವುದು ಶಿಷ್ಯರ ನಡತೆ. ಗೌರವ ಕಡಿಮೆಯಾಗಿ ಅವರು ಪ್ರಶ್ನಿಸಲಿಲ್ಲ. ಗುರು ಕಲಿಸಿದ್ದನ್ನು ಗುರುವಿಗಿಂತ ಗಟ್ಟಿಯಾಗಿ ಹಿಡಿದಿದ್ದರಿಂದ ಪ್ರಶ್ನಿಸಿದರು. ವಿಧೇಯತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಹೇಳುವವರು ಈ ಕಥೆಯನ್ನು ಒಮ್ಮೆ ಕೇಳಬೇಕು.

1708ರಲ್ಲಿ ನಾಂದೇಡಿನಲ್ಲಿ, ನಿಮ್ಮ ಊರಿನಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ, ಗುರು ಗೋಬಿಂದ್ ಸಿಂಗ್ ತೀರಿಕೊಂಡರು. ಮನುಷ್ಯರೂಪದ ಗುರುಪರಂಪರೆ ಅಲ್ಲಿಗೆ ಮುಗಿಯಿತು. ಮುಂದೆ ಗುರುತ್ವ ಗುರು ಗ್ರಂಥ ಸಾಹಿಬ್ ಎಂಬ ಪವಿತ್ರ ಗ್ರಂಥಕ್ಕೆ, ಗ್ರಂಥದ ಸನ್ನಿಧಿಯಲ್ಲಿ ಸೇರಿದ ಪಂಥಕ್ಕೆ. ಯಾವ ವ್ಯಕ್ತಿಯೂ ಇನ್ನು ‘ನಾನೇ ಗುರು’ ಎನ್ನುವಂತಿಲ್ಲ. ಅಕಾಲ್ ತಖ್ತಿನ ಮುಖ್ಯಸ್ಥರಾದ ಜತ್ಥೇದಾರರೂ ಅಷ್ಟೇ. ಅವರು ಪೀಠದ ಸೇವಕರು, ಪೀಠದ ಒಡೆಯರಲ್ಲ.

ಹಾಗಾದರೆ ಗುರುವಿಲ್ಲದ ಸಮುದಾಯ ತೀರ್ಮಾನಗಳನ್ನು ಹೇಗೆ ಮಾಡಿತು? ಹದಿನೆಂಟನೆಯ ಶತಮಾನದಲ್ಲಿ ಸಿಖ್ಖರು ಕಾಡು ಮರುಭೂಮಿಗಳಲ್ಲಿ ತಲೆಮರೆಸಿಕೊಂಡು ತಿರುಗುತ್ತಿದ್ದರು. ಅಂಥ ದಿನಗಳಲ್ಲೂ ಸಾಧ್ಯವಾದಾಗಲೆಲ್ಲ ವೈಶಾಖಿಗೆ, ದೀಪಾವಳಿಗೆ ಅಮೃತಸರದಲ್ಲಿ ಸೇರುತ್ತಿದ್ದರು. ಆ ಮಹಾಸಭೆಗೆ ಸರ್ಬತ್ ಖಾಲ್ಸಾ ಎಂದು ಹೆಸರು. ಅಲ್ಲಿ ಆದ ನಿರ್ಣಯ ಗುರುಮತಾ, ಅಂದರೆ ಗುರುವಿನದೇ ನಿರ್ಣಯವೆಂದು ಎಲ್ಲರೂ ತಲೆಯ ಮೇಲೆ ಹೊರಬೇಕಾದದ್ದು. 1805ರಲ್ಲಿ ಲಾರ್ಡ್ ಲೇಕ್ ಸೈನ್ಯದೊಂದಿಗೆ ಪಂಜಾಬಿಗೆ ಬಂದಿದ್ದ ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಮ್ ಈ ಕ್ರಮವನ್ನು ಬರೆದಿಟ್ಟಿದ್ದಾನೆ. ಸರದಾರರು ಗ್ರಂಥದ ಮುಂದೆ ತಲೆಬಾಗಿ ಕೂರುತ್ತಿದ್ದರು. ಪ್ರಸಾದವನ್ನು ಜಾತಿಭೇದವಿಲ್ಲದೆ ಒಟ್ಟಿಗೆ ತಿನ್ನುತ್ತಿದ್ದರು. ನಮ್ಮ ನಡುವೆ ಗ್ರಂಥವಿದೆ, ನಮ್ಮನಮ್ಮ ಜಗಳಗಳನ್ನು ಮರೆಯುತ್ತೇವೆ ಎಂದು ಅದರ ಸಾಕ್ಷಿಯಾಗಿ ಪ್ರತಿಜ್ಞೆ ಮಾಡುತ್ತಿದ್ದರು. ಇದೆಲ್ಲ ಆದ ನಂತರವೇ ವಿಷಯ ಮಂಡನೆ.

ಆ ಸರದಾರರು ಸಾಧುಗಳೇನೂ ಆಗಿರಲಿಲ್ಲ. ಮಿಸಲ್ ಎಂಬ ಅವರ ದಳಗಳು ಹಳ್ಳಿಗಳಿಗಾಗಿ, ಕಂದಾಯಕ್ಕಾಗಿ ಒಂದರ ಮೇಲೊಂದು ಕತ್ತಿ ಎತ್ತುತ್ತಿದ್ದವು. ಅವರ ಏಕತೆ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರ ಏಕತೆ ಆಗಿರಲಿಲ್ಲ. ಸಭೆಗೆ ಕೂರುವ ಮುನ್ನ ಜಗಳವನ್ನು ಬಾಗಿಲ ಹೊರಗೆ ಇಡುವ ವಿಧಿಯೊಂದು ಅವರ ಬಳಿ ಇತ್ತು. ಆ ವಿಧಿಯನ್ನು ಅವರು ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಕೈ ಎಣಿಸಿ ಬಹುಮತ ನೋಡುವ ಪದ್ಧತಿ ಅಲ್ಲಿರಲಿಲ್ಲ. ಎಲ್ಲರೂ ಒಪ್ಪುವವರೆಗೆ ಮಾತು, ಒಪ್ಪಿದ ಮೇಲೆ ಅರ್ದಾಸ್ ಎಂಬ ಪ್ರಾರ್ಥನೆ, ಅರ್ದಾಸ್ ಆದ ಮೇಲೆ ಹಿಂದೆ ಸರಿಯುವಂತಿಲ್ಲ.

ಅಂಥ ಸಮುದಾಯ ನಾಯಕನನ್ನು ಆರಿಸಿದ ಒಂದು ಬಗೆಯನ್ನು ಹೇಳಿಬಿಡುತ್ತೇನೆ. 1733ರಲ್ಲಿ ಲಾಹೋರಿನ ಸುಬೇದಾರ ಜಕಾರಿಯಾ ಖಾನ್ ಸಂಧಾನಕ್ಕೆಂದು ‘ನವಾಬ’ ಪದವಿಯನ್ನೂ ಜಹಗೀರನ್ನೂ ಕಳಿಸಿದ. ಹಿರಿಯರು ಯಾರೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಸಭೆಗೆ ಬೀಸಣಿಗೆ ಬೀಸುತ್ತ ನಿಂತಿದ್ದ ಕಪೂರ್ ಸಿಂಗರ ಮೇಲೆ ಎಲ್ಲರ ಕಣ್ಣು ಬಿತ್ತು. ಅವರು ಆ ಪದವಿಯ ಉಡುಗೊರೆಯನ್ನು ಮೊದಲು ಐವರು ಸಿಖ್ಖರ ಪಾದಕ್ಕೆ ಮುಟ್ಟಿಸಿ ಆಮೇಲೆ ತೆಗೆದುಕೊಂಡರು. ಕುದುರೆ ಲಾಯದ ತಮ್ಮ ಸೇವೆಯನ್ನು ಬಿಡಿಸಬಾರದು ಎಂದೂ ಕೇಳಿಕೊಂಡರು ಎನ್ನುತ್ತದೆ ಪರಂಪರೆ. ನವಾಬ್ ಕಪೂರ್ ಸಿಂಗರ ಮಾತಿಗೆ ಮುಂದೆ ಇಡೀ ಪಂಥ ತಲೆಬಾಗಿತು. 1748ರಲ್ಲಿ ಚೂರುಚೂರಾಗಿದ್ದ ದಳಗಳೆಲ್ಲ ಸೇರಿ ದಲ್ ಖಾಲ್ಸಾ ಎಂಬ ಒಂದೇ ಸೈನ್ಯ ಆದದ್ದಕ್ಕೆ ಆ ಗೌರವವೂ ಒಂದು ಕಾರಣ.

ಮಹಾರಾಜ ರಣಜಿತ್ ಸಿಂಗನ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ನರ್ತಕಿ ಮೋರಾನಳ ಜೊತೆಗಿನ ಸಂಬಂಧದ ವಿಚಾರವಾಗಿ ಜತ್ಥೇದಾರ ಅಕಾಲಿ ಫೂಲಾ ಸಿಂಗ್ ಅವನನ್ನು ಅಕಾಲ್ ತಖ್ತಿಗೆ ಕರೆಸಿದರು. ದೊರೆ ಬಂದು ಬೆನ್ನು ಬರಿದು ಮಾಡಿ ಛಡಿಯೇಟಿಗೆ ಒಡ್ಡಿಕೊಂಡ, ಸಂಗತ್, ಅಂದರೆ ಸೇರಿದ್ದ ಭಕ್ತರ ಸಭೆ, ಕರಗಿ ಕ್ಷಮಿಸಿತು ಎಂಬ ವೃತ್ತಾಂತವನ್ನು ಪಂಜಾಬಿನಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆಪಡಲಿ. ಆದರೆ ಅದೇ ದೊರೆಯ ಕಾಲದಲ್ಲಿ, 1805ರ ಸಭೆಯ ನಂತರ, ಸರ್ಬತ್ ಖಾಲ್ಸಾ ನಿಂತುಹೋಯಿತು. ರಾಜ್ಯದ ತೀರ್ಮಾನಗಳು ದರ್ಬಾರಿಗೆ ಹೋದವು. ವೈಯಕ್ತಿಕ ತಪ್ಪಿಗೆ ಬೆನ್ನು ಒಡ್ಡುವುದು ದೊಡ್ಡತನ, ನಿಜ. ಸಮುದಾಯದ ಸಭೆಯನ್ನೇ ನಿಲ್ಲಿಸಿದ ಮೇಲೆ ಆ ದೊಡ್ಡತನ ಸಮುದಾಯದ ಕೈ ಬಲಪಡಿಸುವುದಿಲ್ಲ. 1839ರಲ್ಲಿ ಅವನು ಸತ್ತ ಹತ್ತು ವರ್ಷಕ್ಕೆ ರಾಜ್ಯವೇ ಬ್ರಿಟಿಷರ ಪಾಲಾಯಿತು. ಅಷ್ಟು ಬೇಗ ಕುಸಿದದ್ದಕ್ಕೆ ಕಾರಣಗಳು ಹಲವು. ಕೂತು ಒಟ್ಟಾಗಿ ನಿರ್ಣಯಿಸುವ ಅಭ್ಯಾಸ ತಪ್ಪಿಹೋದದ್ದು ಅವುಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ.

ಪೀಠಕ್ಕೆ ತಪ್ಪೇ ಆಗುವುದಿಲ್ಲವೆಂದು ಸಿಖ್ಖರೂ ಹೇಳುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಸ್ವರ್ಣಮಂದಿರದ ಆಡಳಿತಗಾರ ಸರ್ಕಾರದ ನೇಮಕ. ಬ್ರಿಟಿಷರ ವಿರುದ್ಧ ಎದ್ದ ಗದ್ದರ್ ಹೋರಾಟಗಾರರು ಸಿಖ್ಖರೇ ಅಲ್ಲ ಎಂದು ಅಕಾಲ್ ತಖ್ತಿನಿಂದಲೇ ಹೇಳಿಸಲಾಯಿತು. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಮೇಲೆ ಜನರಲ್ ಡಯರ್‌ಗೆ ಗೌರವದ ಉಡುಗೊರೆಯೂ ಸಂದಿತು. ಜನ ಅದನ್ನು ನುಂಗಿಕೊಂಡು ಕೂರಲಿಲ್ಲ. ಆ ಆಡಳಿತಗಾರ 1920ರಲ್ಲಿ ಕ್ಷಮೆ ಕೇಳಿ ಇಳಿಯಬೇಕಾಯಿತು.

ಅದೇ ವರ್ಷದ ಅಕ್ಟೋಬರ್ 12ರಂದು ನಡೆದದ್ದನ್ನು ನಾನು ಇಡೀ ಚರಿತ್ರೆಯ ಅತಿ ಸುಂದರ ತೀರ್ಮಾನ ಎಂದು ಎಣಿಸುತ್ತೇನೆ. ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಗಳಿಂದ ಬಂದು ಹೊಸದಾಗಿ ಅಮೃತ ಪಡೆದವರು ಕಡಾ ಪ್ರಸಾದ ಹಿಡಿದು ಸ್ವರ್ಣಮಂದಿರಕ್ಕೆ ಮೆರವಣಿಗೆಯಲ್ಲಿ ಬಂದರು. ಅವರ ಕೈಯ ಪ್ರಸಾದವನ್ನು ಮುಟ್ಟುವುದಿಲ್ಲ ಎಂದು ಅರ್ಚಕರು ಹಠ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಎರಡೂ ಕಡೆಯವರು ಒಂದಕ್ಕೆ ಒಪ್ಪಿದರು: ಗ್ರಂಥವನ್ನೇ ತೆರೆಯೋಣ, ಅದು ಹೇಳಿದಂತೆ ನಡೆಯೋಣ. ತೆರೆದ ಪುಟದಲ್ಲಿ ಬಂದದ್ದು ಮೂರನೆಯ ಗುರು ಅಮರದಾಸರ ಪದ. ಗುಣವಿಲ್ಲದವರನ್ನೂ ಭಗವಂತ ತಾನೇ ಕ್ಷಮಿಸಿ ಗುರುಸೇವೆಗೆ ಹಚ್ಚುತ್ತಾನೆ ಎಂಬುದು ಅದರ ತಾತ್ಪರ್ಯ. ಅರ್ಚಕರು ಪ್ರಸಾದ ಸ್ವೀಕರಿಸಿದರು. ಸೋತಿರೆಂದು ಯಾರೂ ಅವರನ್ನು ಹಂಗಿಸುವಂತಿರಲಿಲ್ಲ, ಏಕೆಂದರೆ ಅವರು ತಲೆಬಾಗಿದ್ದು ಎದುರಾಳಿಗಳಿಗೆ ಅಲ್ಲ. ಅಂದೇ ಮೆರವಣಿಗೆ ಅಕಾಲ್ ತಖ್ತಿಗೆ ಹೋದಾಗ ಅಲ್ಲಿನ ಅರ್ಚಕರು ಪೀಠ ಬಿಟ್ಟು ಹೋಗಿದ್ದರು. ಗುರುದ್ವಾರಗಳ ಆಡಳಿತ ಸಮುದಾಯದ ಕೈಗೆ ಬರುವ ಚಳವಳಿ ಅಲ್ಲಿಂದ ವೇಗ ಪಡೆಯಿತು. ನವೆಂಬರ್‌ನಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು, 1925ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು.

ಈಗ ನೀವು ಕಂಡ ಶಿಕ್ಷೆಯ ವಿಚಾರ. ಈ ಸಮಿತಿ 1945ರಲ್ಲಿ ಅಂಗೀಕರಿಸಿದ ನಡತೆಯ ನಿಯಮಾವಳಿಯಲ್ಲಿ ಅದರ ಕ್ರಮವಿದೆ. ತಪ್ಪು ಮಾಡಿದವನು ತಾನೇ ಸಂಗತ್ ಮುಂದೆ ಬಂದು ಕೈ ಮುಗಿದು ತಪ್ಪೊಪ್ಪಿಕೊಳ್ಳಬೇಕು. ಗ್ರಂಥದ ಸನ್ನಿಧಿಯಲ್ಲಿ ಆರಿಸಿದ ಐವರು ವಿಚಾರಿಸಿ ದಂಡವನ್ನು ಸೂಚಿಸಬೇಕು. ದಂಡ ಸೇವೆಯ ರೂಪದಲ್ಲಿರಬೇಕು, ಅದರಲ್ಲೂ ಕೈಯಿಂದ ಮಾಡುವ ಸೇವೆಯಾಗಿರಬೇಕು. ಆಮೇಲೆ ಎರಡು ಮಾತುಗಳಿವೆ. ದಂಡ ಪಡೆಯುವವನು ತಕರಾರು ತೆಗೆಯಬಾರದು, ಕ್ಷಮಿಸುವಾಗ ಸಂಗತ್ ಹಠ ಹಿಡಿಯಬಾರದು. ವಿಧೇಯತೆಯ ಕರ್ತವ್ಯ ಒಬ್ಬನ ಮೇಲೆ ಮಾತ್ರ ಬೀಳುವುದಿಲ್ಲ ಎಂಬುದನ್ನು ಗಮನಿಸಿ. ತಪ್ಪಿತಸ್ಥ ಬಾಗಬೇಕು, ಅವನನ್ನು ಬಾಗಿಸಿದವರೂ ಕರಗಬೇಕು. ಕೊರಳ ಫಲಕ ನೋಡಿ ನಿಮಗೆ ಕಸಿವಿಸಿಯಾಗಿದ್ದರೆ ಆಶ್ಚರ್ಯವಿಲ್ಲ, ನನಗೂ ಆಯಿತು. ಆದರೆ ಗುರುದ್ವಾರದ ಸಾಮೂಹಿಕ ಊಟದ ಮನೆಯಾದ ಲಂಗರಿನಲ್ಲಿ ಪಾತ್ರೆ ತೊಳೆಯುವುದು ಸಿಖ್ಖರಿಗೆ ದಿನನಿತ್ಯದ ಪುಣ್ಯದ ಕೆಲಸ. ನಾನಕ್ ಝೀರಾದಲ್ಲಿ ಎಷ್ಟು ಮಂದಿ ಅದನ್ನು ಇಷ್ಟಪಟ್ಟು ಮಾಡುತ್ತಾರೆ ಎಂಬುದನ್ನು ನೀವೇ ನೋಡಿರುತ್ತೀರಿ. ದಂಡಿತನನ್ನು ಎಲ್ಲರ ಸಾಲಿನಿಂದ ಹೊರಹಾಕದೆ ಅದೇ ಸಾಲಿಗೆ ಕರೆತರುವ ಏರ್ಪಾಡು ಅದು.

ನೀವು ಟಿವಿಯಲ್ಲಿ ನೋಡಿದ ಮಾಜಿ ಉಪಮುಖ್ಯಮಂತ್ರಿ ಸುಖಬೀರ್ ಸಿಂಗ್ ಬಾದಲ್ ಮತ್ತು ಅವರ ಹಿಂದಿನ ಸರ್ಕಾರದ ಸಚಿವರ ಮೇಲಿದ್ದ ಮುಖ್ಯ ಆರೋಪಗಳಲ್ಲಿ ಒಂದು ಡೇರಾ ಸಚ್ಚಾ ಸೌದಾ ಎಂಬ ಧಾರ್ಮಿಕ ಸಂಸ್ಥೆಯ ಮುಖ್ಯಸ್ಥನಿಗೆ 2015ರಲ್ಲಿ ಕ್ಷಮೆ ಕೊಡಿಸಿದ್ದು. 2007ರಲ್ಲಿ ಗುರು ಗೋಬಿಂದ್ ಸಿಂಗರಂತೆ ವೇಷ ಧರಿಸಿದನೆಂದು ಆತನ ಮೇಲೆ ಸಿಖ್ಖರು ಕೆರಳಿದ್ದರು. ಆ ಕ್ಷಮೆಯನ್ನು ಘೋಷಿಸಿದ್ದು ಅಕಾಲ್ ತಖ್ತೇ. ಒಪ್ಪದವರು ಏನು ಮಾಡುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಜನ ತಖ್ತನ್ನು ಬಿಟ್ಟು ಹೋಗಲಿಲ್ಲ, ಹೊಸ ಪಂಥ ಕಟ್ಟಲಿಲ್ಲ. ಆ ಕ್ಷಮೆಯನ್ನು ಸ್ವೀಕರಿಸಲು ನಿರಾಕರಿಸಿ ಬೀದಿಗಿಳಿದರು. ಕೆಲವೇ ವಾರಗಳಲ್ಲಿ ಆದೇಶ ಹಿಂದೆ ಹೋಯಿತು. 2024ರಲ್ಲಿ ಅದೇ ತಪ್ಪಿಗೆ ಅದೇ ಪೀಠದ ಮುಂದೆ ನಾಯಕರು ನಿಲ್ಲಬೇಕಾಯಿತು. ಡಿಸೆಂಬರ್ 4ರಂದು ಬಾಗಿಲ ಸೇವೆಯಲ್ಲಿದ್ದ ಬಾದಲ್ ಮೇಲೆ ಗುಂಡು ಹಾರಿಸುವ ಯತ್ನ ನಡೆಯಿತು. ಅವರು ಪಾರಾದರು, ಮರುದಿನ ಸೇವೆ ಮುಂದುವರಿಸಿದರು. ಅಷ್ಟು ದಿಟ್ಟತನಕ್ಕೆ ಗೌರವ ಸಲ್ಲಬೇಕು.

ಆದೇಶದ ಇನ್ನೊಂದು ಭಾಗ ಏನಾಯಿತು ಎಂಬುದನ್ನೂ ಹೇಳಬೇಕು. ತಮ್ಮ ಪಕ್ಷವಾದ ಶಿರೋಮಣಿ ಅಕಾಲಿ ದಳದ ಅಧ್ಯಕ್ಷಸ್ಥಾನಕ್ಕೆ ಬಾದಲ್ ಕೊಟ್ಟಿದ್ದ ರಾಜೀನಾಮೆಯನ್ನು ಕೂಡಲೇ ಅಂಗೀಕರಿಸಿ ಎಂದು ತಖ್ತ್ ಹೇಳಿತ್ತು. ಪಕ್ಷ ಜನವರಿಯವರೆಗೆ ಎಳೆಯಿತು. ಏಪ್ರಿಲ್‌ನಲ್ಲಿ ಅವರನ್ನೇ ಮತ್ತೆ ಅಧ್ಯಕ್ಷರನ್ನಾಗಿ ಆರಿಸಿತು. ಆದೇಶ ಕೊಟ್ಟ ಐವರಲ್ಲಿ ಮೂವರು ಜತ್ಥೇದಾರರನ್ನು ಪ್ರಬಂಧಕ ಸಮಿತಿ 2025ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಹುದ್ದೆಯಿಂದ ತೆಗೆಯಿತು. ಆ ಸಮಿತಿಯಲ್ಲಿ ಬಲವಿರುವುದು ಅದೇ ಪಕ್ಷಕ್ಕೆ. ಸಮಿತಿಗೆ 2011ರಲ್ಲಿ ಚುನಾವಣೆ ನಡೆದ ಮೇಲೆ ಹತ್ತು ವರ್ಷ ದಾಟಿದರೂ ಮುಂದಿನದು ನಡೆಯಲಿಲ್ಲ. ಇಡೀ ವ್ಯವಸ್ಥೆಯ ನೋವಿನ ಜಾಗ ಇದೇ. ನಾಯಕರನ್ನು ವಿಚಾರಿಸುವವರ ನೇಮಕ ಆ ನಾಯಕರ ಕೈಯಲ್ಲೇ ಇದ್ದರೆ ಭಕ್ತರ ವಿಧೇಯತೆ ಎಷ್ಟು ಶುದ್ಧವಾಗಿದ್ದರೂ ಅದನ್ನು ಬೇರೆಯವರು ಬಳಸಿಕೊಳ್ಳುತ್ತಾರೆ.

ಆಜ್ಞೆ ಎಲ್ಲ ವಿಷಯಕ್ಕೂ ಕೈ ಚಾಚಿದಾಗಲೂ ಒಡಕು ಬಂದಿದೆ. ಕೆನಡಾದ ಕೆಲವು ಗುರುದ್ವಾರಗಳಲ್ಲಿ ಲಂಗರಿಗೆ ಮೇಜು ಕುರ್ಚಿ ಹಾಕುತ್ತಿದ್ದರು. ನೆಲದ ಮೇಲೆಯೇ ಕೂರಬೇಕೆಂದು 1998ರಲ್ಲಿ ಅಕಾಲ್ ತಖ್ತ್ ಆದೇಶಿಸಿತು. ಅಲ್ಲಿ ಮೊದಲೇ ಇದ್ದ ಬಣಗಳ ನಡುವಿನ ಬಿರುಕು ಇನ್ನಷ್ಟು ಅಗಲವಾಯಿತು, ಆದೇಶ ಪಾಲಿಸದವರಿಗೆ ಬಹಿಷ್ಕಾರವೂ ಆಯಿತು. ಪಂಕ್ತಿಯಲ್ಲಿ ಸಮವಾಗಿ ಕೂರುವ ತತ್ತ್ವ ದೊಡ್ಡದು. ಅದನ್ನು ಮನವೊಲಿಸಿ ಉಳಿಸಿಕೊಳ್ಳಬಹುದಿತ್ತು ಎಂದು ನಾನು ನಂಬಿದ್ದೇನೆ.

ಬೀದರಿನ ಜನವಾಡದ ಗುರುದ್ವಾರದ ಮಾತು ಬಿಟ್ಟರೆ ಈ ಉತ್ತರ ಪೂರ್ತಿಯಾಗದು. ಗುರು ಗೋಬಿಂದ್ ಸಿಂಗರ ಕಾಲದ ಸಿಖ್ ಮಹಿಳೆ ಮಾಯಿ ಭಾಗೋ ತಮ್ಮ ಕೊನೆಗಾಲದಲ್ಲಿ ನೆಲೆಸಿದ್ದು ಅಲ್ಲಿ ಎಂದು ಪ್ರತೀತಿ. ಆನಂದಪುರದ ಮುತ್ತಿಗೆಯಲ್ಲಿ ಹಸಿವು ತಾಳಲಾರದೆ ನಲವತ್ತು ಮಂದಿ, ‘ನೀವು ನಮ್ಮ ಗುರುವಲ್ಲ, ನಾವು ನಿಮ್ಮ ಶಿಷ್ಯರಲ್ಲ’ ಎಂದು ಬರೆದುಕೊಟ್ಟು ಊರಿಗೆ ಮರಳಿದ್ದರು. ಗುರು ಅವರನ್ನು ಬಲವಂತದಿಂದ ಹಿಡಿದಿಡಲಿಲ್ಲ, ಪತ್ರ ತೆಗೆದುಕೊಂಡು ಕಳಿಸಿದರು. ಅವರನ್ನು ಮತ್ತೆ ಹೊರಡಿಸಿದ್ದು ಮಾಯಿ ಭಾಗೋ. ಅವರ ಬಳಿ ಅಧಿಕಾರವಿರಲಿಲ್ಲ, ಪದವಿ ಇರಲಿಲ್ಲ. 1705ರಲ್ಲಿ ಖಿದರಾಣಾ ಕೆರೆಯ ಬಳಿ, ಇಂದಿನ ಮುಕ್ತಸರದಲ್ಲಿ, ಆ ನಲವತ್ತು ಮಂದಿ ಗುರುವಿಗಾಗಿ ಹೋರಾಡಿ ಮಡಿದರು. ಪ್ರಾಣ ಹೋಗುತ್ತಿದ್ದ ಮಹಾನ್ ಸಿಂಗ್ ಕೇಳಿದ್ದು ಆ ಪತ್ರವನ್ನು ಹರಿದುಹಾಕಿ ಎಂದು. ಗುರು ಅದನ್ನು ಅಷ್ಟು ದಿನವೂ ತಮ್ಮ ಬಳಿಯೇ ಇಟ್ಟುಕೊಂಡಿದ್ದರು, ಅಲ್ಲಿಯೇ ಹರಿದರು. ಬಿಟ್ಟುಹೋದವರಿಗೆ ಹಿಂದಿರುಗುವ ದಾರಿ ತೆರೆದಿಟ್ಟ ನಾಯಕತ್ವ ಅದು.

ಇನ್ನು ನಿಮ್ಮ ದೇವಸ್ಥಾನದ ಸಮಿತಿ. ನಾನು ಹೇಳಿದ 1945ರ ನಿಯಮಾವಳಿಯಲ್ಲಿ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ಗೆರೆ ಇದೆ. ಗುರುಮತಾ ಆಗಬಹುದಾದದ್ದು ಧರ್ಮದ ಮೂಲತತ್ತ್ವ, ಗ್ರಂಥದ ಗೌರವ, ವಿಧಿಗಳ ಶುದ್ಧಿ, ಪಂಥದ ಸಂಘಟನೆ ಇಂಥ ವಿಷಯಗಳ ಮೇಲೆ ಮಾತ್ರ. ರಾಜಕೀಯ, ಶಿಕ್ಷಣ, ಸಾಮಾಜಿಕ ವ್ಯವಹಾರಗಳಲ್ಲಿ ಆಗುವುದು ಸಾಮಾನ್ಯ ನಿರ್ಣಯ, ಅದಕ್ಕೆ ಗುರುವಿನ ಹೆಸರಿನ ಭಾರ ಇರುವುದಿಲ್ಲ. ಸ್ಥಳೀಯ ಗುರುದ್ವಾರದ ತೀರ್ಮಾನ ಸರಿಯಿಲ್ಲವೆಂದರೆ ಅಕಾಲ್ ತಖ್ತಿಗೆ ಮೇಲ್ಮನವಿ ಹೋಗುವ ಅವಕಾಶವೂ ಇದೆ. ಮಳಿಗೆ ಬಾಡಿಗೆ ದೈವದ ಆಜ್ಞೆಯ ವಿಷಯವಲ್ಲ, ಲೆಕ್ಕದ ವಿಷಯ. ಅಲ್ಲಿ ‘ದೈವದ್ರೋಹ’ ಎಂಬ ಮಾತನ್ನು ತಂದದ್ದೇ ತಪ್ಪು. ಅದನ್ನು ಸಭೆಯಲ್ಲಿ ಸೌಮ್ಯವಾಗಿ, ಸ್ಪಷ್ಟವಾಗಿ ಹೇಳಿ. ಪೂಜೆ, ಉತ್ಸವ, ಸಂಪ್ರದಾಯಗಳಲ್ಲಿ ಹಿರಿಯರ ಮಾತಿಗೆ ನೀವು ತಲೆಬಾಗುತ್ತೀರಿ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ, ಹಾಗೆಯೇ ನಡೆದುಕೊಳ್ಳಿ. ಬಾಡಿಗೆ ಕರಾರು, ಜಮಾ ಖರ್ಚು, ಯಾವ ಮಳಿಗೆ ಯಾರ ಹೆಸರಿಗೆ ಎಂಬ ವಿವರಗಳನ್ನು ಎರಡೂ ಬಣಗಳ ಎದುರು ಗಟ್ಟಿಯಾಗಿ ಓದಿಸಿ. ಮೊದಲ ಲೆಕ್ಕ ಹಿರಿಯರ ಮನೆತನಗಳಿಗೆ ಸೇರಿದ ಮಳಿಗೆಗಳದ್ದಾಗಿರಲಿ, ಅದನ್ನು ಓದುವಂತೆ ಹಿರಿಯರನ್ನೇ ಕೇಳಿಕೊಳ್ಳಿ. ಅವರು ಒಪ್ಪಿ ಓದಿದರೆ ಉಳಿದ ಬಾಡಿಗೆದಾರರು ತಕರಾರು ತೆಗೆಯುವುದು ಕಷ್ಟ. ಒಪ್ಪದಿದ್ದರೆ ಲೆಕ್ಕಪರಿಶೋಧನೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸಮಿತಿ ಬಿಟ್ಟು ಮಾತ್ರ ಹೊರಬರಬೇಡಿ.